ಎರಡನೇ ಬಾಟಲಿ

ಬೂದು ಕೋಟಿನ ಗಿರಾಕಿ ಹದಿನೇಳು ನಿಮಿಷ ನಿಂತು ಕೇಳಿದ. ನಡುವೆ ಎರಡು ಸಲ ತಲೆಯಾಡಿಸಿದ, ಒಂದು ಸಲ "ಹೌದಾ!" ಅಂದ, ವೈನಿನ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೂ ನೋಡಿದ. ಅಕ್ಕನಿಗೆ ಇನ್ನೇನು ಬೇಕು? ಆಸ್ಟ್ರಿಯಾದ ಬ್ಲೌಫ್ರೆಂಕಿಷ್ ಎಂಬ ದ್ರಾಕ್ಷಿ ಎಂಥದು, ಗಡಿ ದಾಟಿ ಹಂಗೆರಿಗೆ ಹೋದರೆ ಅದೇ ದ್ರಾಕ್ಷಿ ಹೇಗೆ ಬೇರೆ ಹೆಸರಿಟ್ಟುಕೊಂಡು ಕೂರುತ್ತದೆ, ಬಾಯಿಗಿಟ್ಟರೆ ಕಪ್ಪು ಚೆರ್ರಿಯ ಬೆನ್ನ ಹಿಂದೆ ಕಾಳುಮೆಣಸಿನ ಖಾರ ಹೇಗೆ ಇಣುಕುತ್ತದೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಗಿರಾಕಿ ಬಾಟಲಿಯನ್ನು ನಿದ್ದೆಹೋದ ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ ಕಪಾಟಿನಲ್ಲಿ ವಾಪಸ್ ಇಟ್ಟ.

"ಎಷ್ಟೊಂದು ತಿಳ್ಕೊಂಡಿದ್ದೀರಿ ಮೇಡಂ," ಅಂದ. "ಈಗ ನನಗೆ ಆ ಮಾಮೂಲಿದು ಒಂದು ಕೊಟ್ಬಿಡಿ."

ಮಾಮೂಲಿದು ಎಂದರೆ ಅಂಗಡಿಯ ನಟ್ಟನಡುವೆ ಪೇರಿಸಿಟ್ಟ, ಲೇಬಲ್ಲಿನ ಮೇಲೆ ಅರಮನೆಯ ಚಿತ್ರವಿದ್ದ ಕೆಂಪು ವೈನು. ಅದರ ಹೆಸರು ಎಲ್ಲರಿಗೂ ಗೊತ್ತು. ಕುಡಿಯದವರಿಗೂ ಗೊತ್ತು. ಕಣ್ಣು ಮುಚ್ಚಿಕೊಂಡು ಒಳಗೆ ಬಂದವರೂ ಅದಕ್ಕೇ ಹೋಗಿ ಡಿಕ್ಕಿ ಹೊಡೆಯುತ್ತಾರೆ. ಅದನ್ನು ಮಾರುವುದಕ್ಕೆ ಬಾಯಿ ಬೇಕಿಲ್ಲ, ಕೈಯಿದ್ದರೆ ಸಾಕು ಎಂದು ಅಕ್ಕ ಕೊಂಕಾಡುತ್ತಿದ್ದಳು. ಆ ಕೈ ತಮ್ಮನದು. ಗಲ್ಲೆಯ ಹಿಂದೆ ಕೂತಿದ್ದ ಅವನು ಬಾಟಲಿಗೆ ಕಾಗದ ಸುತ್ತಿ, ನಗುನಗುತ್ತ ಗಿರಾಕಿಯ ಕೈಗಿತ್ತು, ಬಾಗಿಲು ಮುಚ್ಚಿಕೊಳ್ಳುವವರೆಗೂ ನಗುವನ್ನು ಹಾಗೇ ಇಟ್ಟುಕೊಂಡಿದ್ದ.

ಅಂಗಡಿ ಅಪ್ಪ ಬಿಟ್ಟುಹೋದದ್ದು. ಗಲ್ಲೆ ತಮ್ಮನ ಪಾಲು, ಬಾಗಿಲ ಎಡಕ್ಕಿದ್ದ ಐದು ಹಲಗೆಯ ಮರದ ಕಪಾಟು ಅಕ್ಕನ ಪಾಲು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಎಂಟು ವರ್ಷದ ಹಿಂದೆ ಅಕ್ಕ ತಾನಾಗಿಯೇ ಕಪಾಟಿನ ಧೂಳು ಒರೆಸಿ, ಯಾರೂ ಕೇಳದ ಕೆಂಪು ವೈನುಗಳನ್ನು ಹುಡುಕಿ ತರಿಸಿ ಜೋಡಿಸಿಕೊಂಡಿದ್ದಳು. ಯುರೋಪು ಎಂದರೆ ಜನಕ್ಕೆ ನಾಲ್ಕು ಹೆಸರು. ಆ ನಾಲ್ಕು ಹೆಸರಿನ ಆಚೆ ಬೆಟ್ಟದ ಬಗಲಲ್ಲಿ, ಹೊಳೆಯ ತಿರುವಿನಲ್ಲಿ ಎಷ್ಟು ದ್ರಾಕ್ಷಿ ಬೆಳೆಯುತ್ತವೆ ಎನ್ನುವುದು ಯಾರಿಗೂ ಬೇಡವಾಗಿದೆ ಎಂಬುದು ಅವಳ ಹಳೆಯ ಸಂಕಟ. ಬಲ್ಗೇರಿಯಾದ ಮಾವ್ರುದ್ ಇತ್ತು, ಪೋರ್ಚುಗಲ್ಲಿನ ಬಾಗಾ ಇತ್ತು, ನಾಲಿಗೆ ಹೊರಳದ ಇನ್ನೂ ಏನೇನೋ ಇದ್ದವು. ಒಂದೊಂದರ ಕೊರಳಿಗೂ ದಾರ ಕಟ್ಟಿದ ಚೀಟಿ, ಚೀಟಿಯ ತುಂಬ ಅಕ್ಕನ ಗುಂಡಗಿನ ಅಕ್ಷರ. ಬೀದಿಯವರಿಗೆಲ್ಲ ಅವಳು ಚೀಟಿಯಕ್ಕ. ಬಾಟಲಿಗಿಂತ ಚೀಟಿಯೇ ಉದ್ದ ಎಂದು ತಮ್ಮ ರೇಗಿಸುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಶನಿವಾರ ಫ್ರಿಜ್ಜಿನವರು ಬರ್ತಾರೆ," ತಮ್ಮ ಅಂದ.

"ಬರ್ಲಿ."

"ಎಲ್ಲಿಡೋದು ಅಂತ ಕೇಳಲ್ವಾ?"

ಅಕ್ಕ ಕೇಳಲಿಲ್ಲ. ತಮ್ಮನ ಕಣ್ಣು ಎಲ್ಲಿ ಹೋಗಿ ನಿಂತಿದೆ ಎಂದು ಅವಳಿಗೆ ಕಾಣುತ್ತಿತ್ತು. ಅಂಗಡಿಯ ಒಂದೇ ಒಂದು ದೊಡ್ಡ ಪ್ಲಗ್ಗು ಅವಳ ಕಪಾಟಿನ ಬೆನ್ನಿಗಿತ್ತು.

"ಎರಡು ಬಾಗಿಲಿನ ಗಾಜಿನ ಫ್ರಿಜ್ಜು ಅಕ್ಕಾ. ಬಿಸಿಲಲ್ಲಿ ಬಂದೋರು ತಣ್ಣಗಿರೋದು ಕೇಳ್ತಾರೆ. ನಾನು ಇಲ್ಲ ಇಲ್ಲ ಅಂತ ಎಷ್ಟು ದಿನ ಹೇಳ್ಲಿ?"

"ಆ ಅರಮನೆ ಗೋಪುರ ತೆಗ್ದು ಅಲ್ಲಿಡು."

"ಅದು ಅನ್ನ ಹಾಕೋ ಗೋಪುರ."

"ಹಾಗಾದ್ರೆ ನನ್ನದು?"

ತಮ್ಮ ಒಳ್ಳೆಯವನೇ. ಒಳ್ಳೆಯವರ ತೊಂದರೆ ಏನೆಂದರೆ, ಅವರು ಸಿಟ್ಟು ಮಾಡದೆ ಮಾತಾಡುತ್ತಾರೆ, ತಿರುಗಿ ಬೀಳುವುದಕ್ಕೆ ಜಾಗವೇ ಸಿಗುವುದಿಲ್ಲ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಎಂಟು ವರ್ಷ ಆಯ್ತು. ನಿನ್ನ ಕಪಾಟಿಂದ ತಗೊಂಡೋರು ಯಾರಾದ್ರೂ ವಾಪಸ್ ಬಂದು, ಅದೇ ಇನ್ನೊಂದು ಕೊಡಿ ಅಂದಿದ್ದಾರಾ? ಒಂದು ಸಲ ತಗೋತಾರೆ, ನಿನ್ನ ಮಾತಿಗೆ ಮರುಳಾಗಿ. ಮತ್ತೆ ಬಂದಾಗ ಅರಮನೇನೇ. ಒಬ್ರನ್ನ ತೋರ್ಸು ಸಾಕು. ನೆಂಟ್ರು ಲೆಕ್ಕಕ್ಕಿಲ್ಲ. ಒಬ್ರು ಎರಡನೇ ಬಾಟಲಿ ಕೇಳ್ಕೊಂಡು ಬರ್ಲಿ, ಫ್ರಿಜ್ಜನ್ನ ಬಂದ ದಾರೀಲೇ ಕಳಿಸ್ತೀನಿ."

"ಎಷ್ಟೋ ಜನ ಬಂದಿದ್ದಾರೆ," ಅಂದಳು ಅಕ್ಕ. ಅಂದ ಮೇಲೆ ಯಾರು ಎಂದು ನೆನಪು ಮಾಡಿಕೊಳ್ಳಲು ಹೋದಳು. ಒಂದು ಮುಖವೂ ನೆನಪಿಗೆ ಬರಲಿಲ್ಲ.

ಅವಳ ಹತ್ತಿರ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಯಾರು ಯಾವ ಬಾಟಲಿ ಒಯ್ದರು, ಆಮೇಲೆ ಸಿಕ್ಕಾಗ ಏನಂದರು ಎಂದು ಒಬ್ಬೊಬ್ಬರಿಗೂ ಒಂದು ಕಾರ್ಡು ಬರೆದು ಅದರಲ್ಲಿಡುತ್ತಿದ್ದಳು. ಅಂದು ಮಧ್ಯಾಹ್ನವೆಲ್ಲ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕಾರ್ಡು ತಿರುವಿದಳು. ಹಲ್ಲಿನ ಡಾಕ್ಟರು: ಅದ್ಭುತ ಅಂದರು. ಬಸ್ ಡ್ರೈವರ್ ದಂಪತಿ: ಮರೆಯೋಕಾಗಲ್ಲ ಅಂದರು. ಟೈಲರಮ್ಮ: ಆಹಾ ಅಂದಳು. ಕಾರ್ಡಿನಿಂದ ಕಾರ್ಡಿಗೆ ಅದ್ಭುತ, ಆಹಾ, ಏನು ರುಚಿ, ಏನು ರುಚಿ. ಯಾವ ಕಾರ್ಡಿನಲ್ಲೂ ಒಂದಕ್ಕಿಂತ ಹೆಚ್ಚು ಬಾಟಲಿ ಇರಲಿಲ್ಲ. ಅಷ್ಟು ಚೆನ್ನಾಗಿದ್ದರೆ ಮತ್ತೆ ಬರುವುದಕ್ಕೇನು ರೋಗ? ಅಕ್ಕನಿಗೆ ನಖಶಿಖಾಂತ ಉರಿಯಿತು. ಡಬ್ಬದ ಮುಚ್ಚಳ ಹಾಕಿದ ಸದ್ದಿಗೆ ತಮ್ಮ ತಲೆಯೆತ್ತಿ ನೋಡಿದ.

ಬುಧವಾರ ಅಂಗಡಿಗೆ ರಜೆ. ಅಕ್ಕ ಮೂರು ಕಾರ್ಡುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾಲ್ಕು ಜನ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಡಾಕ್ಟರು ಅವಳನ್ನು ಕಂಡದ್ದೇ ಒಳಗೆ ಕರೆದರು. ಕುರ್ಚಿಯ ಹಿಂದೆ ಕಿಟಕಿ, ಕಿಟಕಿಯ ಪಕ್ಕ ಗಾಜಿನ ಬೀರು, ಬೀರುವಿನೊಳಗೆ ಸುಣ್ಣದಚ್ಚಿನ ಹಲ್ಲುಸೆಟ್ಟುಗಳು. ಆ ಹಲ್ಲುಗಳ ಮಧ್ಯೆ, ಕೊರಳಿನ ಚೀಟಿ ಮುಂದಕ್ಕೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿದ್ದ ರೊಮೇನಿಯಾದ ಫೆತ್ಯಾಸ್ಕಾ ನ್ಯಾಗ್ರಾ. ಬೆಳಗಿನ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಬಿರಡೆ ಬಿಚ್ಚಿರಲಿಲ್ಲ.

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. "ಇದು ಇನ್ನೊಂದಾ?" ಎಂದು ಕೇಳಿದಳು.

"ಇನ್ನೊಂದು ಯಾಕೆ? ನೀವು ಕೊಟ್ಟಿದ್ದೇ. ನೋಡಿ, ಎಷ್ಟು ಜೋಪಾನ ಮಾಡಿದ್ದೀನಿ."

"ಬಿಸಿಲಿಗೆ ನಿಲ್ಲಿಸಿದ್ದೀರಲ್ಲ ಡಾಕ್ಟ್ರೇ!"

"ಬಂದೋರಿಗೆ ಕಾಣ್ಲಿ ಅಂತ. ನಿಮ್ಮ ಚೀಟಿ ಎಲ್ರೂ ಓದ್ತಾರೆ. ಹಲ್ಲುನೋವು ಮರೀತಾರೆ."

"ಕುಡೀಲಿಲ್ವಾ?"

"ಇಂಥದ್ದನ್ನ ಸುಮ್ನೆ ಕುಡಿಯೋಕಾಗತ್ತಾ? ಮಗಳ ಮದುವೆಗೆ ತೆಗೆಯೋಣ ಅಂತ."

ಅಕ್ಕನ ಎದೆ ಸ್ವಲ್ಪ ಹಗುರಾಯಿತು. ಮದುವೆಯಲ್ಲಿ ಹತ್ತು ಜನ ಕುಡಿದರೆ ಹತ್ತು ಬಾಯಿ ಹೇಳುತ್ತವೆ. "ಒಳ್ಳೇದಾಯ್ತು ಬಿಡಿ. ಮದುವೆ ಯಾವಾಗ?"

"ಅವಳಿಗೀಗ ಒಂಬತ್ತು ವರ್ಷ," ಅಂದರು ಡಾಕ್ಟರು.

ಅಕ್ಕ ಆ ಕುರ್ಚಿಯಲ್ಲಿ, ರೋಗಿ ಕೂರುವ ಆ ಕುರ್ಚಿಯಲ್ಲೇ, ಕುಸಿದು ಕೂತಳು. ಕೈಚೀಲದಿಂದ ಕಾರ್ಡು ತೆಗೆದು ತೋರಿಸಿದಳು. "ಹೋದ ವರ್ಷ ಮಾರ್ಕೆಟ್ಟಲ್ಲಿ ಸಿಕ್ಕಾಗ ಹೇಗಿತ್ತು ಅಂತ ಕೇಳಿದ್ದೆ. ಅದ್ಭುತ ಅಂದ್ರಿ. ಇಲ್ಲಿ ಬರ್ಕೊಂಡಿದ್ದೀನಿ."

ಡಾಕ್ಟರು ಸಂಕೋಚದಿಂದ ಕೈಗವಸು ಎಳೆದುಕೊಂಡರು. "ನೀವು ಹೇಳಿದ್ದು ಅದ್ಭುತವಾಗಿತ್ತು ಅಂದೆ. ಪ್ಲಮ್ ಹಣ್ಣು, ಮಸಾಲೆ, ಹೊಗೆ… ಮನೇಲಿ ಎಲ್ರಿಗೂ ಓದಿ ಹೇಳ್ದೆ. ಕುಡಿದಷ್ಟೇ ಸಂತೋಷ ಆಯ್ತು."

ಹಲ್ಲು ಕಚ್ಚಿ ಸುಮ್ಮನಿರುವುದಕ್ಕೆ ಅದಕ್ಕಿಂತ ತಕ್ಕ ಜಾಗ ಬೇರೆ ಇರಲಿಲ್ಲ. ಬಿಸಿಲಿಂದಾದರೂ ಈಚೆಗಿಡಿ, ಅಡ್ಡ ಮಲಗಿಸಿ ಎಂದಷ್ಟೇ ಹೇಳಿ ಎದ್ದಳು. ಮಲಗಿಸಿದರೆ ಚೀಟಿ ಕಾಣಲ್ಲವಲ್ಲ ಎಂದು ಡಾಕ್ಟರು ಹಿಂದಿನಿಂದ ಕೇಳುತ್ತಿದ್ದರು.

ಡ್ರೈವರ್ ಮನೆ ಬಸ್ ಡಿಪೋದ ಹಿಂದಿನ ಸಾಲಿನಲ್ಲಿ, ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಡಾಕ್ಟರು ಹೇಗೂ ವಿಚಿತ್ರ ಮನುಷ್ಯ; ಡ್ರೈವರ್ ದಂಪತಿ ತಿಂದುಂಡು ನಗುವ ಜನ. ಡ್ರೈವರನ ಹೆಂಡತಿ ಬಾಗಿಲು ತೆರೆದು, "ಅಯ್ಯೋ, ಚೀಟಿಯಕ್ಕ ಬಂದ್ರು!" ಎಂದು ಒಳಗೆ ಕೂಗಿ ಹೇಳಿದಳು. ಒಳಗೆ ಯಾರೂ ಇರಲಿಲ್ಲ, ಅದು ಬರೀ ಸಂಭ್ರಮ.

ಟಿವಿಯ ಎಡಕ್ಕೆ, ಕಸೂತಿಯ ಬಟ್ಟೆಯ ಮೇಲೆ, ಸ್ಪೇನಿನ ಮೆನ್ಸಿಯಾ ನಿಂತಿತ್ತು. ಬಿರಡೆ ಹಾಗೇ ಇತ್ತು. ಕೊರಳಲ್ಲಿ ಮಾತ್ರ ಚೀಟಿ ಇರಲಿಲ್ಲ. ಅದು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು.

"ಧೂಳು ಕೂತ್ಕೊಳತ್ತೆ ಅಂತ ಗಾಜು ಹಾಕಿಸಿದ್ವಿ," ಅಂದಳು ಅವಳು. "ನಿಮ್ಮ ಅಕ್ಷರ ಎಷ್ಟು ಚೆಂದ!"

ಅಡುಗೆಮನೆಯ ಮೇಜಿನ ಮೇಲೆ, ನಿನ್ನೆ ರಾತ್ರಿ ಅರ್ಧ ಕುಡಿದಿಟ್ಟ ಅರಮನೆ ಬಾಟಲಿ ಇತ್ತು. ಅಕ್ಕ ಅದನ್ನು ಬೊಟ್ಟು ಮಾಡಿ ತೋರಿಸಿದಳು.

"ಅದು ದಿನಾ ಕುಡಿಯೋಕೆ," ಅಂದಳು ಡ್ರೈವರನ ಹೆಂಡತಿ.

"ಮತ್ತೆ ಇದು?"

"ಇದು ಇಡೋಕೆ."

"ಇದೂ ಕುಡಿಯೋಕೇ ಅಮ್ಮಾ! ವೈನು ಇರೋದೇ ಕುಡಿಯೋಕೆ! ಕಲ್ಲುಚಪ್ಪಡಿಯ ಇಳಿಜಾರಲ್ಲಿ ಬೆಳೆದ ಬಳ್ಳಿ, ಒಂದೊಂದು ಗೊಂಚಲೂ ಮನುಷ್ಯರು ಕೈಯಾರೆ ಕೊಯ್ದಿದ್ದು…"

"ಅದೇ ಅಲ್ವಾ ಅಲ್ಲಿ ಬರೆದಿರೋದು," ಎಂದು ಅವಳು ಗೋಡೆಯ ಕಡೆ ಭಕ್ತಿಯಿಂದ ನೋಡಿದಳು. "ಅಷ್ಟು ಕಷ್ಟಪಟ್ಟು ಕೊಯ್ದಿದ್ದನ್ನ ನಾವು ಉಳಿದ ಸಾರಿನ ಜೊತೆ ಕುಡಿಯೋಕೆ ಮನಸ್ಸು ಬರತ್ತಾ?"

ಅಕ್ಕ ಬಂದ ಕಾರಣ ಹೇಳಿದಳು. ಫ್ರಿಜ್ಜು, ಕಪಾಟು, ತಮ್ಮನ ಹಟ, ಎರಡನೇ ಬಾಟಲಿ. ಡ್ರೈವರನ ಹೆಂಡತಿ ಕನಿಕರದಿಂದ ಅವಳ ಕೈ ಹಿಡಿದುಕೊಂಡಳು.

"ಇಷ್ಟೇ ತಾನೇ? ಶನಿವಾರ ನಾನೇ ಬಂದು ಇನ್ನೊಂದು ತಗೋತೀನಿ ಬಿಡಿ. ಟಿವಿಯ ಆ ಕಡೆ ಖಾಲಿ ಇದೆ. ಅತ್ತ ಒಂದು, ಇತ್ತ ಒಂದು, ಜೋಡಿ ಚೆನ್ನಾಗಿ ಕಾಣತ್ತೆ."

ಒಂದು ಗಳಿಗೆ ಅಕ್ಕನ ಮನಸ್ಸು ಓಲಾಡಿತು. ಶನಿವಾರ ಇವಳು ಬಂದು ಕೇಳಿದರೆ ತಮ್ಮನ ಬಾಯಿ ಮುಚ್ಚುತ್ತದೆ. ಅವನು ಯಾಕೆ ಎಂದು ಕೇಳುವವನಲ್ಲ. ಆದರೆ ಆ ಖಾಲಿ ಜಾಗ, ಮುದುರದಂತೆ ಹಾಸಿದ್ದ ಆ ಕಸೂತಿ ಬಟ್ಟೆ ಕಂಡು ಅವಳ ಪಿತ್ತ ನೆತ್ತಿಗೇರಿತು. "ಬೇಡ," ಅಂದಳು. "ಕುಡಿಯದೇ ಇರೋರಿಗೆ ನಾನು ಇನ್ನೊಂದು ಕೊಡಲ್ಲ." ಮಾರುವವಳ ಬಾಯಲ್ಲಿ ಬರುವ ಮಾತಲ್ಲ ಅದು. ಮೆಟ್ಟಿಲಿಳಿಯುವಾಗ ಅವಳಿಗೇ ಅಳುವೋ ನಗುವೋ ತಿಳಿಯದಾಯಿತು.

ಟೈಲರಮ್ಮನ ಅಂಗಡಿ ಮುಟ್ಟುವ ಹೊತ್ತಿಗೆ ಅಕ್ಕನ ಸಿಟ್ಟು ಚೆನ್ನಾಗಿ ಕುದ್ದು ಹದಕ್ಕೆ ಬಂದಿತ್ತು. ಅಂಗಡಿಯೆಂದರೆ ಒಂದು ಕೋಣೆ, ಎರಡು ಹೊಲಿಗೆ ಮೆಷಿನ್ನು, ಗೋಡೆಯುದ್ದಕ್ಕೂ ಗುಂಡಿಯ ಡಬ್ಬಗಳು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೋಟಿನ ತೋಳು ಕೂಡಿಸುತ್ತಿದ್ದಳು. ಅವಳಿಗೂ ಅಕ್ಕನಿಗೂ ಒಂದೇ ವಯಸ್ಸು, ಜಗಳವಾಡುವಷ್ಟು ಸಲಿಗೆ.

"ಗ್ರೀಸಿನ ಕ್ಸಿನೊಮಾವ್ರೊ ಕೊಟ್ಟಿದ್ದೆನಲ್ಲ, ಎಲ್ಲಿ?" ಅಕ್ಕ ಬಾಗಿಲಲ್ಲೇ ಕೇಳಿದಳು.

ಟೈಲರಮ್ಮ ಕಣ್ಣಿನಲ್ಲೇ ಡಬ್ಬಗಳ ಹಿಂದೆ ತೋರಿಸಿದಳು. ಇತ್ತು. ಮುಚ್ಚಿಯೇ ಇತ್ತು.

"ಆಹಾ ಅಂದೆಯಲ್ಲ!"

"ನೀನು ಅಷ್ಟು ಆಸೆಯಿಂದ ಕೇಳ್ತಿದ್ರೆ ಇನ್ನೇನು ಅನ್ನೋದು?" ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. "ಒಂದು ಒಳ್ಳೇ ದಿನ ಬರ್ಲಿ, ಆವಾಗ ತೆಗೆಯೋಣ ಅಂತ ಇಟ್ಟೆ. ಬರಬೇಕಲ್ಲ ಅದು."

"ಲೋಟ ತಗೊಂಡು ಬಾ," ಅಂದಳು ಅಕ್ಕ. ಚೀಲದಲ್ಲಿ ಬಿರಡೆ ತೆಗೆಯುವ ತಿರುಪು ಸದಾ ಇರುತ್ತಿತ್ತು. ಕೋಟಿನ ಬಟ್ಟೆ ಸರಿಸಿ, ಮೆಷಿನ್ನಿನ ಹಲಗೆಯ ಮೇಲೆ ಬಾಟಲಿ ಊರಿ, ಬಿರಡೆ ಎಳೆದಳು. ಸಿಟ್ಟಿನಲ್ಲಿ ಎಳೆದ ರಭಸಕ್ಕೆ ಮೊಣಕೈ ಗುಂಡಿಯ ಡಬ್ಬಕ್ಕೆ ತಗಲಿ, ಬಿಳಿ ಗುಂಡಿಗಳು ನೆಲದ ತುಂಬ ಹರಡಿದವು. ಇಬ್ಬರೂ ಬಗ್ಗಿ ನೋಡಲಿಲ್ಲ.

ಟೈಲರಮ್ಮ ಒಂದು ಗುಟುಕು ಕುಡಿದಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಟೈಲರಮ್ಮನ ಒಂದು ಕಣ್ಣು ಮುಚ್ಚಿಕೊಂಡಿತು, ಕೆನ್ನೆ ಒಳಕ್ಕೆ ಹೋಯಿತು.

"ಹುಳಿ," ಅಂದಳು.

"ಹುಳಿ ಅಲ್ಲ ಅದು. ಜೀವ ಇರೋ ವೈನು ಹಾಗೇ ಇರೋದು. ಇನ್ನೊಂದು ಗುಟುಕು ಕುಡಿ, ಒಣಗಿಸಿದ ಟೊಮೇಟೊ ಸಿಗತ್ತೆ."

ಟೈಲರಮ್ಮ ಇನ್ನೊಂದು ಗುಟುಕು ಕುಡಿದಳು. "ಒಗರು. ಬಾಯೆಲ್ಲ ಹಿಡ್ಕೊಳತ್ತೆ."

"ಒಂದು ಗಂಟೆ ಮೊದಲೇ ತೆಗೆದಿಡ್ಬೇಕಿತ್ತು. ಗಾಳಿಯಾಡಿದ್ರೆ ಮೆತ್ತಗಾಗತ್ತೆ. ಟೊಮೇಟೊ ಗೊತ್ತಾಯ್ತಾ? ಆಲಿವ್?"

"ಹುಳಿ ಗೊತ್ತಾಯ್ತು. ಒಗರು ಗೊತ್ತಾಯ್ತು."

"ನಿನಗೆ ಸರಿಯಾಗಿ ಕುಡಿಯೋಕೆ ಬರಲ್ಲ!"

ಟೈಲರಮ್ಮ ಲೋಟವನ್ನು ಹಲಗೆಯ ಮೇಲೆ ಇಟ್ಟಳು. "ನೋಡು, ನಾನು ಕೋಟು ಹೊಲಿದು ಕೊಟ್ಟಾಗ ಕಂಕುಳಲ್ಲಿ ಬಿಗಿ ಆಗತ್ತೆ ಅಂತ ಗಿರಾಕಿ ಹೇಳಿದ್ರೆ, ಬಿಗಿ ಇಲ್ಲ, ನಿಮಗೆ ಕಂಕುಳು ಸರಿಯಾಗಿ ಇಟ್ಕೊಳ್ಳೋಕೆ ಬರಲ್ಲ ಅಂತ ಹೇಳ್ತೀನಾ? ನನ್ನ ಬಾಯಿ ನನಗೆ ಗೊತ್ತಿಲ್ವಾ?"

ಅಕ್ಕ ಬಾಗಿಲು ದಡಕ್ಕನೆ ಹಾಕಿಕೊಂಡು ಹೊರಟಳು. ಎರಡು ಬೀದಿ ದಾಟಿದ ಮೇಲೆ ಅವಳಿಗೆ ಹೊಳೆಯಿತು: ಕ್ಸಿನೊಮಾವ್ರೊ ಎನ್ನುವ ಹೆಸರಿಗೆ ಗ್ರೀಕಿನಲ್ಲಿ ಹುಳಿಗಪ್ಪು ಎಂದೇ ಅರ್ಥ. ಬೆಳೆದವರೇ ಹುಳಿ ಅಂದಿದ್ದಾರೆ. ಅವಳು ಮಾತ್ರ ಹದಿನಾಲ್ಕು ಸಾಲಿನ ಚೀಟಿ ಬರೆದು ಆ ಒಂದು ಪದ ಬಿಟ್ಟಿದ್ದಳು. ಇದು ಹೊಳೆದದ್ದರಿಂದ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ತಪ್ಪು ತನ್ನದೇ ಇರಬಹುದು ಎಂಬ ಗುಮಾನಿಯಷ್ಟು ಸಿಟ್ಟು ತರಿಸುವುದು ಬೇರೆ ಇಲ್ಲ.

ಗುರುವಾರ, ಶುಕ್ರವಾರ ಅವಳು ಕಪಾಟಿನ ಪಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು. ಬಾಗಿಲ ಗಂಟೆ ಅಲುಗಿದಾಗೆಲ್ಲ ತಲೆಯೆತ್ತಿದಳು. ಅರಮನೆಗೆ ಬಂದರು, ಬರೀ ನೀರಿಗೆ ಬಂದರು, ವಿಳಾಸ ಕೇಳುವುದಕ್ಕೂ ಬಂದರು. ಎರಡನೇ ಬಾಟಲಿಗೆ ಯಾರೂ ಬರಲಿಲ್ಲ. ತಮ್ಮ ಅವಳ ಮುಖ ನೋಡಿ ಎರಡು ಸಲ ತಾನಾಗಿಯೇ ಕಾಫಿ ಮಾಡಿ ಕೊಟ್ಟ. ಅವನ ಆ ಒಳ್ಳೆಯತನ ಅವಳಿಗೆ ಇನ್ನೂ ಅಸಹನೀಯವಾಯಿತು.

ಶನಿವಾರ ಮಧ್ಯಾಹ್ನ ಬೀದಿಯಲ್ಲಿ ವ್ಯಾನು ನಿಂತಿತು. ಇಬ್ಬರು ಆಳುಗಳು ಹಗ್ಗ ಬಿಚ್ಚತೊಡಗಿದರು.

"ಯಾರೂ ಬರಲಿಲ್ಲ," ಅಕ್ಕ ತಮ್ಮನ ಎದುರು ನಿಂತು ಹೇಳಿದಳು. "ಯಾಕೆ ಅಂತ ನೋಡ್ಕೊಂಡು ಬಂದೆ. ಕುಡಿದೇ ಇಲ್ಲ ಕಣೋ. ಮೊದಲನೇದನ್ನೇ ಯಾರೂ ತೆಗೆದಿಲ್ಲ. ಬೀರುಲಿಟ್ಟಿದ್ದಾರೆ, ಟಿವಿ ಪಕ್ಕ ಇಟ್ಟಿದ್ದಾರೆ. ಚೀಟಿಗೆ ಗಾಜು ಹಾಕಿಸಿದ್ದಾರೆ. ಎಂಟು ವರ್ಷ ನಾನು ಗೋಡೆ ಅಲಂಕಾರ ಮಾರಿದ್ದೀನಿ!"

ತಮ್ಮ ನಗುತ್ತಾನೆ ಅಂದುಕೊಂಡಿದ್ದಳು. ಅವನು ನಗಲಿಲ್ಲ. ಕನ್ನಡಕ ತೆಗೆದ, ಹಾಕಿಕೊಂಡ, ಎದ್ದು ಒಳಕೋಣೆಗೆ ಹೋದ. ಬರುವಾಗ ಅವನ ಕೈಯಲ್ಲಿ ಒಂದು ಬಾಟಲಿ ಇತ್ತು. ಸ್ಕಿಯಾವಾ. ಉತ್ತರ ಇಟಲಿಯ ಬೆಟ್ಟಗಳದು. ಅಪ್ಪ ಹೋದ ಮೇಲೆ ಅವನು ಗಲ್ಲೆಯಲ್ಲಿ ಕೂತ ಮೊದಲ ದಿನ ಅಕ್ಕನೇ ಕೊಟ್ಟದ್ದು.

"ನೀನೂನಾ!"

"ಬೈಬೇಡ. ಈಗ ತೆಗಿ. ಒಟ್ಟಿಗೆ ಕುಡಿಯೋಣ. ನಿನ್ನ ಕಪಾಟು ಹೋಗೋ ದಿನ ಅಷ್ಟಾದ್ರೂ ಮಾಡೋಣ."

ಅಕ್ಕ ತೆಗೆದಳು. ಬಿರಡೆ ಪುಡಿಪುಡಿಯಾಗಿ ಬಂತು. ಲೋಟಕ್ಕೆ ಬಗ್ಗಿಸಿದಾಗಲೇ ಅವಳಿಗೆ ಗೊತ್ತಾಯಿತು: ತೆಳ್ಳನೆ ಮಾಣಿಕ್ಯದ ಬಣ್ಣ ಇರಬೇಕಾದದ್ದು ತುಕ್ಕುಗಂದು ಬಣ್ಣಕ್ಕೆ ತಿರುಗಿತ್ತು. ಅದು ಎಳೆಯದಾಗಿರುವಾಗ, ಒಂದೆರಡು ವರ್ಷದೊಳಗೆ, ಸ್ವಲ್ಪ ತಣ್ಣಗೆ ಮಾಡಿ ಕುಡಿಯುವ ಹಗುರ ವೈನು. ಎಂಟು ವರ್ಷ ತಾಳುವ ಜಾತಿಯಲ್ಲ. ಮೂಸಿದಳು. ಹಣ್ಣು ಎಲ್ಲಿಯೂ ಇರಲಿಲ್ಲ.

ತಮ್ಮ ಕುಡಿದ. ನುಂಗದೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಅವನ ಹುಬ್ಬು ಮೇಲೇರಿತು.

"ಚೆನ್ನಾಗಿದೆ ಅಕ್ಕಾ," ಅಂದ. "ನಿಜವಾಗ್ಲೂ. ಒಣದ್ರಾಕ್ಷಿ ಡಬ್ಬದ ಮುಚ್ಚಳ ತೆಗೆದ ಹಾಗಿದೆ. ಆಮೇಲೆ ಏನೋ… ಹಳೇ ಮರದ ಪೆಟ್ಟಿಗೆ ಥರ. ನನಗೆ ಇಷ್ಟ ಆಯ್ತು. ಇದೇ ಇನ್ನೊಂದು ಇದ್ಯಾ?"

"ಸತ್ತಿದೆ ಕಣೋ ಇದು!" ಅಂದಳು ಅಕ್ಕ. "ಒಣದ್ರಾಕ್ಷಿ ಅಂತೆ! ಇದು ಸ್ಟ್ರಾಬೆರಿ ಥರ ಇರ್ಬೇಕಿತ್ತು. ಹೂವಿನ ವಾಸನೆ ಬರ್ಬೇಕಿತ್ತು, ಕೊನೇಲಿ ಬಾದಾಮಿಯ ಒಂಚೂರು ಕಹಿ ಇರ್ಬೇಕಿತ್ತು. ನಿನಗೆ ಸಿಕ್ಕಿರೋದು ಕೆಟ್ಟುಹೋದ ವೈನಿನ ವಾಸನೆ, ಮರದ ಪೆಟ್ಟಿಗೆ ಅಲ್ಲ. ಬಿರಡೆ ಸಂದಿಂದ ವರ್ಷಗಟ್ಟಲೆ ಗಾಳಿ ಹೊಕ್ಕರೆ ಹೀಗೇ ಆಗೋದು. ಬಣ್ಣ ನೋಡು, ಬೆಳಕಿಗೆ ಹಿಡಿ, ಅಂಚು ನೋಡು…"

ಹೇಳುತ್ತಲೇ ಇದ್ದಳು. ಹೇಳುವುದಕ್ಕೆ ತುಂಬ ಇತ್ತು. ತಮ್ಮ ಲೋಟವನ್ನು ಮೆಲ್ಲಗೆ ಗಲ್ಲೆಯ ಮೇಲಿಟ್ಟದ್ದು ಅವಳಿಗೆ ಕಂಡದ್ದು ಆಮೇಲೆ. ಅವನ ಕಿವಿ ಕೆಂಪಾಗಿತ್ತು. ಚಿಕ್ಕವನಿದ್ದಾಗ ಅವನು ಓದಿದ್ದನ್ನು ಅವಳು ತಿದ್ದಿದಾಗ ಹೀಗೇ ಆಗುತ್ತಿತ್ತು.

"ನೋಡಿದ್ಯಾ?" ಅಂದ ತಮ್ಮ, ಸಿಟ್ಟಿಲ್ಲದೆ. "ಇದಕ್ಕೇ ನಾನು ಎಂಟು ವರ್ಷ ತೆಗೀಲಿಲ್ಲ. ನೀನು ಬರೆದಿದ್ದು ನನ್ನ ನಾಲಿಗೆಗೆ ಸಿಗಲ್ಲ ಅಂತ ಗೊತ್ತಿತ್ತು. ನನಗೆ ಸಿಕ್ಕಿದ್ದು ತಪ್ಪಾಗತ್ತೆ ಅಂತಾನೂ ಗೊತ್ತಿತ್ತು. ಅರಮನೆ ಕುಡಿದ್ರೆ ಯಾರೂ ಪ್ರಶ್ನೆ ಕೇಳಲ್ಲ."

ಹೊರಗಿನಿಂದ ಆಳು ಕೂಗಿದ. ತಮ್ಮ ಎದ್ದು ಹೋದ.

ಅಕ್ಕ ನಿಂತಲ್ಲೇ ನಿಂತಳು. ಅವನು ಆಡಿದ ಮಾತುಗಳು ಒಂದೊಂದಾಗಿ, ತಡವಾಗಿ, ಅವಳ ಕಿವಿಗೆ ಬಿದ್ದವು. ಚೆನ್ನಾಗಿದೆ ಅಂದಿದ್ದ. ಇಷ್ಟ ಆಯ್ತು ಅಂದಿದ್ದ. ಇದೇ ಇನ್ನೊಂದು ಇದ್ಯಾ ಎಂದು ಕೇಳಿದ್ದ. ಎಂಟು ವರ್ಷದಲ್ಲಿ ಒಬ್ಬ, ಒಬ್ಬನೇ ಒಬ್ಬ, ಬಾಯಿಬಿಟ್ಟು ಎರಡನೇ ಬಾಟಲಿ ಕೇಳಿದ್ದ. ಅವಳು ಅವನಿಗೆ ಬೈದಿದ್ದಳು. ಅವನಿಗೆ ಸಿಕ್ಕ ಒಣದ್ರಾಕ್ಷಿಯನ್ನು ಕಿತ್ತುಕೊಂಡು, ಇಲ್ಲದ ಸ್ಟ್ರಾಬೆರಿಯನ್ನು ಅವನ ಕೈಗೆ ತುರುಕಲು ಹೋಗಿದ್ದಳು. ತನ್ನ ನಾಲಿಗೆಗೆ ತಾನೇ ನಾಲ್ಕು ಬಾರಿಸುವಂತಿದ್ದರೆ ಬಾರಿಸಿಕೊಳ್ಳುತ್ತಿದ್ದಳು.

ಕಪಾಟನ್ನು ಅವಳೇ ಖಾಲಿ ಮಾಡಿದಳು. ಮಾವ್ರುದ್, ಬಾಗಾ, ಬ್ಲೌಫ್ರೆಂಕಿಷ್, ಒಂದೊಂದನ್ನೂ ಇಳಿಸಿ ಪೆಟ್ಟಿಗೆಗೆ ಹಾಕಿದಳು. ಹಾಕುವ ಮೊದಲು ಒಂದೊಂದರ ಕೊರಳಿನಿಂದಲೂ ಚೀಟಿ ಬಿಚ್ಚಿ ಜೇಬಿಗಿಟ್ಟುಕೊಂಡಳು. ಆಳುಗಳು ಮರದ ಕಪಾಟನ್ನು ಎತ್ತಿ ಒಳಕೋಣೆಗೆ ಒಯ್ದರು. ಅದು ನಿಂತಿದ್ದ ಕಡೆ ಗೋಡೆ ಬೇರೆ ಬಣ್ಣದಲ್ಲಿತ್ತು. ಆಮೇಲೆ ಫ್ರಿಜ್ಜು ಬಂತು; ಬಾಗಿಲಲ್ಲಿ ಸಿಕ್ಕಿಕೊಂಡಿತು, ತಮ್ಮ ಅಂಗಿಯ ತೋಳು ಮಡಿಸಿಕೊಂಡು ತಾನೂ ಹೆಗಲು ಕೊಟ್ಟ, ಮೂವರೂ ಏದುಸಿರು ಬಿಡುತ್ತ ಅದನ್ನು ಗೋಡೆಗೆ ಒತ್ತರಿಸಿದರು. ಪ್ಲಗ್ಗು ಹಾಕಿದ ಕೂಡಲೇ ಅದು ಗುಂಯ್ ಎಂದು ಸದ್ದು ಮಾಡತೊಡಗಿತು.

ಆಳುಗಳು ಹೋದರು. ತಮ್ಮ ಬೆವರು ಒರೆಸಿಕೊಳ್ಳುತ್ತ ಗಲ್ಲೆಯ ಹತ್ತಿರ ಬಂದ. ಬಾಯಾರಿಕೆಯ ಮನುಷ್ಯ ಕೈಗೆ ಸಿಕ್ಕ ಲೋಟ ಎತ್ತುವ ಹಾಗೆ, ಯೋಚಿಸದೆ, ಇಟ್ಟಿದ್ದ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ. ತುಟಿ ಒರೆಸಿಕೊಂಡ. ಬಾಟಲಿ ಎಳೆದುಕೊಂಡು ಇನ್ನೊಂದು ಲೋಟ ತುಂಬಿಸಿಕೊಂಡ.

ಅಕ್ಕ ಬಾಯಿ ತೆರೆದಳು. ಲೋಟವನ್ನು ಹಾಗೆ ತುಂಬ ತುಂಬಿಸಬಾರದು, ತಳದಲ್ಲಿ ಗಸಿ ಇರುತ್ತದೆ, ನೀರಿನಂತೆ ಕುಡಿಯುವುದಲ್ಲ ಅದು. ಮೂರು ಮಾತು ಒಟ್ಟಿಗೇ ನಾಲಿಗೆಯ ತುದಿಗೆ ಬಂದವು. ತಮ್ಮನ ಕೈ ಲೋಟದೊಂದಿಗೆ ಅರ್ಧಕ್ಕೇ ನಿಂತಿತು. ಅವನ ಕಿವಿ ಮತ್ತೆ ಕೆಂಪಾಗಲು ಶುರುವಾಗಿತ್ತು.

"ಏನು?" ಅಂದ.

ಅಕ್ಕ ಮೂರನ್ನೂ ನುಂಗಿಕೊಂಡಳು.

"ಏನಿಲ್ಲ," ಅಂದಳು. "ಕುಡಿ."